‘ನಂಬಿಕೆ ಬೇರೆ, ಜಮಾಅತ್ ಬೇರೆ ಅಲ್ವಾ ಉಸ್ತಾದ್?’

ಕಳೆದ ವರ್ಷವಲ್ಲ, ಅದರ ಹಿಂದಿನ ವರ್ಷ, 2024ರ ಆಗಸ್ಟ್ ಕೊನೆಯ ವಾರ. ಹತ್ತು ವರ್ಷದ ನಂತರ ಹೊಸಪೇಟೆಗೆ ಹೋಗಿದ್ದೆ. ಹಳೆಯ ಶಿಷ್ಯನೊಬ್ಬ ಬೈಕಿನಲ್ಲಿ ಕೂರಿಸಿಕೊಂಡು ತುಂಗಭದ್ರಾ ಡ್ಯಾಮ್ ತೋರಿಸಲು ಕರೆದುಕೊಂಡು ಹೋದ. ಡ್ಯಾಮ್ ನನಗೇನು ಹೊಸದಲ್ಲ. ಆದರೆ ಆಗ ಊರಿಡೀ ಅದರದ್ದೇ ಸುದ್ದಿ. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಗಿತ್ತು. ವಾರದ ನಂತರ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಕಬ್ಬಿಣದ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಮುಚ್ಚಿದ್ದರು. ಆ ಕೆಲಸದ ಮುಂದಾಳು ಕನ್ನಯ್ಯ ನಾಯ್ಡು ಎಂಬ ಹಿರಿಯರ ಹೆಸರು ಅಲ್ಲಿಯ ಚಹಾ ಅಂಗಡಿಗಳಲ್ಲೆಲ್ಲ ಕೇಳುತ್ತಿತ್ತು.

ದೂರದಿಂದ ಗೇಟುಗಳನ್ನು ಎಣಿಸುತ್ತಾ ನಿಂತೆವು. ಒಟ್ಟು 33. ನಾನು ಸುಮ್ಮನೆ ಹೇಳಿದೆ: “ನೋಡು ಮೋನೆ, ತಸ್ಬೀಹ್‌ನ ಲೆಕ್ಕ.” ಅವನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

“ಉಸ್ತಾದ್, ಒಂದು ಮಾತು ಕೇಳ್ತೇನೆ, ಬೇಜಾರು ಮಾಡಬೇಡಿ. ನಾನು ಎರಡು ವರ್ಷದಿಂದ ಜುಮಾಕ್ಕೂ ಹೋಗ್ತಾ ಇಲ್ಲ. ಅಲ್ಲಾಹ್ ಇದ್ದಾನೆ ಅಂತ ಕೆಲವು ದಿನ ಅನ್ನಿಸ್ತದೆ, ಕೆಲವು ದಿನ ಅನ್ನಿಸುವುದಿಲ್ಲ. ಅದು ನನ್ನದು ಮತ್ತು ಅವನದು. ಮಧ್ಯದಲ್ಲಿ ಈ ಕಮಿಟಿ, ರಶೀದಿ, ರಿಜಿಸ್ಟರ್ ಎಲ್ಲ ಯಾಕೆ? ನಂಬಿಕೆ ಬೇರೆ, ಜಮಾಅತ್ ಬೇರೆ ಅಲ್ವಾ?”

ಓದುಗರೇ, ಇಂಥ ಪ್ರಶ್ನೆಯನ್ನು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕೇಳುತ್ತಿದ್ದಾರೆ. ಕೆಲವರು ಬೆಂಗಳೂರಿನಿಂದ, ಕೆಲವರು ದುಬೈಯಿಂದ ಫೋನಿನಲ್ಲಿ. ಕೆಲವರು ಕೇಳುವುದೂ ಇಲ್ಲ, ಸುಮ್ಮನೆ ದೂರ ಆಗುತ್ತಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 2020ರಲ್ಲಿ ಜಗತ್ತಿನ ಜನರಲ್ಲಿ ಸುಮಾರು ಕಾಲು ಭಾಗ ಯಾವ ಧರ್ಮಕ್ಕೂ ಸೇರದವರು. ನಮ್ಮ ದೇಶದಲ್ಲಿ 2011ರ ಜನಗಣತಿಯಲ್ಲಿ ಧರ್ಮವನ್ನು ಹೇಳದವರು ಸುಮಾರು 28 ಲಕ್ಷ. ಅಂಕಿ ಸಣ್ಣದು. ಆದರೆ ಹೆಸರು ರಿಜಿಸ್ಟರಿನಲ್ಲಿದ್ದು ಮನಸ್ಸು ಹೊರಗಿರುವವರನ್ನು ಯಾವ ಗಣತಿಯೂ ಎಣಿಸುವುದಿಲ್ಲ.

ಅವನಿಗೆ ಅಲ್ಲಿ ನಾನು ಸರಿಯಾದ ಉತ್ತರ ಕೊಡಲಿಲ್ಲ. ಕೊಡುವ ಯೋಗ್ಯತೆ ನನಗಿರಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು.

ನಲವತ್ತಕ್ಕೆ ಸಾಲದ ನಾವು

2008ರಲ್ಲಿ ನಾನು ಹೊಸಪೇಟೆಗೆ ಹೋದೆ. ಆಗ ಗಣಿಯ ಕಾಲ. ಸಂಡೂರಿನಿಂದ ಅದಿರು ಲಾರಿಗಳು ರಾತ್ರಿ ಹಗಲು ಸಾಲುಗಟ್ಟಿ ಬರುತ್ತಿದ್ದವು. ಕೆಂಪು ದೂಳು ರಸ್ತೆ ಬದಿಯ ಮರದ ಎಲೆಯ ಮೇಲೂ, ಒಣಗಲು ಹಾಕಿದ ಬಿಳಿ ಜುಬ್ಬದ ಮೇಲೂ ಕೂರುತ್ತಿತ್ತು. ಲಾರಿಯ ಹಿಂದೆ ಹೋಟೆಲು, ಟಯರ್ ಅಂಗಡಿ, ಬೇಕರಿ ಬಂತು. ಅದರ ಹಿಂದೆ ನಮ್ಮ ಬ್ಯಾರಿಗಳೂ ಬಂದಿದ್ದರು. ಹತ್ತಿಪ್ಪತ್ತು ಕುಟುಂಬ. ಮಕ್ಕಳಿಗೆ ನಮ್ಮ ಭಾಷೆಯಲ್ಲಿ ಓದಿಸಲು ಒಬ್ಬ ಉಸ್ತಾದ್ ಬೇಕೆಂದು ಬಾಡಿಗೆಗೆ ಒಂದು ಹಾಲ್ ಹಿಡಿದು ನನ್ನನ್ನು ಕರೆಸಿಕೊಂಡರು.

ಮೊದಲ ಶುಕ್ರವಾರವೇ ತೊಡಕು. ನಮ್ಮದು ಶಾಫಿ ಮದ್‌ಹಬ್. ಜುಮಾಕ್ಕೆ ಊರಲ್ಲಿ ನೆಲೆಸಿದ ನಲವತ್ತು ಗಂಡಸರು ಬೇಕು. ನಾವೆಲ್ಲ ಸೇರಿದರೂ ಮೂವತ್ತು ದಾಟುತ್ತಿರಲಿಲ್ಲ. ಅಲ್ಲಿಯ ಮುಸ್ಲಿಮರು ಹನಫಿಗಳು, ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಬಳ್ಳಾರಿ ಕನ್ನಡ. ಅವರ ಲೆಕ್ಕದಲ್ಲಿ ಇಮಾಮರನ್ನು ಬಿಟ್ಟು ಮೂವರಿದ್ದರೂ ಜುಮಾ ಆಗುತ್ತದೆ. ಹಾಗಾಗಿ ಅವರ ಮಸೀದಿಯ ಸಫ್‌ನಲ್ಲಿ ನಾವು ಹೋಗಿ ನಿಂತೆವು. ನಾವು ಆಮೀನ್ ಗಟ್ಟಿಯಾಗಿ ಹೇಳಿದಾಗ ಒಂದಿಬ್ಬರು ತಿರುಗಿ ನೋಡಿದರು. ನಮಾಝ್ ಮುಗಿದ ಮೇಲೆ ಒಬ್ಬ ಹಿರಿಯರು ಕೈ ಹಿಡಿದು, “ಹಜ್ರತ್, ಎಲ್ಲಿಂದ ಬಂದೀರಿ? ಮಂಗ್ಳೂರಾ? ಬರ್ರಿ, ಮಂಡಕ್ಕಿ ಒಗ್ಗರಣೆ ತಿನ್ನೋಣ” ಎಂದು ಕರೆದುಕೊಂಡು ಹೋದರು. ಊರಿನಲ್ಲಿ ಉಸ್ತಾದ್ ಆಗಿದ್ದವನು ಅಲ್ಲಿ ಹಜ್ರತ್ ಆದೆ.

ಮೊಹರಂ ಬಂದಾಗ ಇನ್ನೊಂದು ಆಶ್ಚರ್ಯ. ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಅದು ಪೀರಲ ಹಬ್ಬ. ಅಲಾಯಿ ಕುಣಿ ತೋಡುವವರು, ಹೆಜ್ಜೆ ಹಾಕುವವರು, ಹರಕೆ ಹೊತ್ತವರು ಹೆಚ್ಚಿನವರು ಮುಸ್ಲಿಮರೇ ಅಲ್ಲ. ನಾನು ಕಲಿತ ಕಿತಾಬುಗಳಲ್ಲಿ ಇದಕ್ಕೆ ಜಾಗ ಇರಲಿಲ್ಲ, ಇಂದೂ ಇಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ‘ನಿಮಗೆ ಇದರಲ್ಲಿ ನಂಬಿಕೆ ಇದೆಯಾ’ ಎಂದು ಒಬ್ಬ ರೈತನನ್ನು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. “ನಮ್ಮಪ್ಪ ಮಾಡ್ತಿದ್ದ, ಊರು ಮಾಡ್ತೈತಿ, ನಾವೂ ಮಾಡ್ತೀವಿ” ಅಂದ. ನಂಬಿಕೆ ಮೊದಲು, ಸೇರುವುದು ಆಮೇಲೆ ಎಂದು ತಿಳಿದಿದ್ದ ನನಗೆ, ಕೆಲವರಿಗೆ ಸೇರುವುದೇ ಮೊದಲು ಎಂದು ಗೊತ್ತಾದದ್ದು ಅಲ್ಲಿ.

ಹನ್ನೊಂದು ದಿನ

2010ರಲ್ಲಿ ನಮಗೆ ಹೆಣ್ಣು ಮಗು ಹುಟ್ಟಿತು. ಹನ್ನೊಂದನೇ ದಿನ ತೀರಿಹೋಯಿತು. ಊರಿನಿಂದ ಯಾರೂ ಬಂದು ಮುಟ್ಟುವ ಹಾಗಿರಲಿಲ್ಲ. ಮಂಗಳೂರಿನ ಬಸ್ಸೆಂದರೆ ಒಂದು ರಾತ್ರಿಯ ಹಾದಿ. ಬಾಗಿಲು ಮೊದಲು ತಟ್ಟಿದವರು ಸಂಡೂರು ರಸ್ತೆಯಲ್ಲಿ ಟಯರ್ ಪಂಕ್ಚರ್ ಅಂಗಡಿ ಇಟ್ಟಿದ್ದ ನಮ್ಮ ಬ್ಯಾರಿ ಕಾಕ ಒಬ್ಬರು. ಅಂಗಡಿಯ ಎಣ್ಣೆ ಕೈ ತೊಳೆದು ಬಂದಿದ್ದರು. ಹನಫಿ ಮಸೀದಿಯ ಹುಡುಗರನ್ನು ಕರೆದು ಖಬರ್ ತೋಡಿಸಿದರು, ತಾವೂ ತೋಡಿದರು. ಸ್ನಾನ ಮಾಡಿಸಲು ಅಕ್ಕಪಕ್ಕದ ಹೆಂಗಸರು ಬಂದರು. ನಮಾಝಿಗೆ ಮೂರು ಸಫ್ ಆಯಿತು. ಅವರಲ್ಲಿ ಮುಕ್ಕಾಲು ಜನರ ಹೆಸರು ನನಗೆ ಗೊತ್ತಿರಲಿಲ್ಲ. ಆ ಕಾಕನ ಮಗ, ಹನ್ನೊಂದು ವರ್ಷದ ಹುಡುಗ, ನೀರಿನ ಕೊಡ ಹಿಡಿದು ನಿಂತಿದ್ದ.

ಆಮೇಲೆ ನಡೆದದ್ದನ್ನು ಇದುವರೆಗೆ ಎಲ್ಲೂ ಬರೆದಿಲ್ಲ. ಸುಮಾರು ಮೂರು ತಿಂಗಳು ನನ್ನೊಳಗೆ ಏನೂ ಇರಲಿಲ್ಲ. ಮಕ್ಕಳಿಗೆ ಈಮಾನಿನ ಆರು ಅಂಶ ಕಲಿಸುತ್ತಿದ್ದೆ. ಬಾಯಿ ಹೇಳುತ್ತಿತ್ತು, ಮನಸ್ಸು ‘ನಿಜವಾ’ ಎಂದು ಕೇಳುತ್ತಿತ್ತು. ಸುಜೂದಿಗೆ ಹೋದರೆ ನೆಲ ಮಾತ್ರ. ಯಾರಿಗೆ ಹೇಳುವುದು? ಉಸ್ತಾದನಿಗೇ ಸಂಶಯ ಬಂದರೆ ಸಂಬಳ ಕೊಡುವವರು ಇಟ್ಟುಕೊಳ್ಳುತ್ತಾರೆಯೇ? ಮನೆಯವಳಿಗೂ ಹೇಳಲಿಲ್ಲ.

ಆ ಮೂರು ತಿಂಗಳು ನನ್ನನ್ನು ಹಿಡಿದು ನಿಲ್ಲಿಸಿದ್ದು ನನ್ನ ನಂಬಿಕೆಯಲ್ಲ. ಅದು ಇರಲೇ ಇಲ್ಲ. ಹಿಡಿದು ನಿಲ್ಲಿಸಿದ್ದು ಸಂಜೆ ಐದಕ್ಕೆ ಬರುತ್ತಿದ್ದ ಮೂವತ್ತು ಮಕ್ಕಳು. ಅವರು ಬಂದು ಕೂರುತ್ತಿದ್ದರು, ಹಾಗಾಗಿ ನಾನೂ ಹೋಗಲೇಬೇಕು. ಅವರು ಗಟ್ಟಿಯಾಗಿ ಓದುತ್ತಿದ್ದರು, ತಪ್ಪಿದರೆ ನಾನು ತಿದ್ದಲೇಬೇಕು. ತಿದ್ದುತ್ತಾ ತಿದ್ದುತ್ತಾ ಒಂದು ದಿನ ಒಂದು ಸಣ್ಣ ಹುಡುಗಿ ಫಾತಿಹಾ ತಪ್ಪಿಲ್ಲದೆ ಮುಗಿಸಿದಾಗ ನನ್ನ ಕಣ್ಣು ತುಂಬಿತು. ಅಂದು ರಾತ್ರಿಯ ಸುಜೂದಿನಲ್ಲಿ ನೆಲಕ್ಕಿಂತ ಹೆಚ್ಚಿನದೇನೋ ಇತ್ತು. ಇಷ್ಟೇ ಹೇಳಬಲ್ಲೆ.

ಸಂಶಯ ಹೊಸ ಕಾಯಿಲೆಯಲ್ಲ

ನಾವು ಮದ್ರಸದಲ್ಲಿ ಸಂಶಯ ಎಂದ ಕೂಡಲೇ ‘ಶೈತಾನ್’ ಎಂದು ಹೇಳಿ ಬಾಯಿ ಮುಚ್ಚಿಸುತ್ತೇವೆ. ಆದರೆ ನಮ್ಮದೇ ಪರಂಪರೆ ಹಾಗೆ ಹೇಳುವುದಿಲ್ಲ. ಇಬ್ರಾಹೀಮ್ ನೆಬಿ ಅಲ್ಲಾಹನಲ್ಲಿ, ಸತ್ತವರನ್ನು ಹೇಗೆ ಎಬ್ಬಿಸುತ್ತೀ ತೋರಿಸು ಎಂದು ಕೇಳಿದರು. ನಿನಗೆ ನಂಬಿಕೆ ಇಲ್ಲವೇ ಎಂಬ ಪ್ರಶ್ನೆಗೆ, ಇದೆ, ಆದರೂ ಮನಸ್ಸಿಗೆ ನೆಮ್ಮದಿ ಬೇಕು ಎಂದರು. ಅವರನ್ನು ಗದರಿಸಲಿಲ್ಲ, ನಾಲ್ಕು ಹಕ್ಕಿಗಳ ಮೂಲಕ ತೋರಿಸಿಕೊಟ್ಟದ್ದು ಸೂರಃ ಅಲ್ ಬಖರಃದಲ್ಲಿದೆ. ಸಹಾಬಿಗಳು ಬಂದು, ನಮ್ಮ ಮನಸ್ಸಿನಲ್ಲಿ ಬಾಯಲ್ಲಿ ಹೇಳಲಾಗದಂಥ ಯೋಚನೆಗಳು ಬರುತ್ತವೆ ಎಂದು ಪ್ರವಾದಿ(ಸ)ಯವರಲ್ಲಿ ಹೇಳಿಕೊಂಡಾಗ, ಆ ಸಂಕಟವೇ ಈಮಾನಿನ ಗುರುತು ಎಂಬ ಅರ್ಥದ ಉತ್ತರ ಸಿಕ್ಕಿತು.

ಇಮಾಮ್ ಗಝ್ಝಾಲಿಯವರನ್ನು ನೋಡಿ. ನಮ್ಮ ಶಾಫಿ ಮದ್‌ಹಬಿನ ಮಹಾ ವಿದ್ವಾಂಸರು. 1091ರಲ್ಲಿ ಬಗ್ದಾದಿನ ನಿಝಾಮಿಯ್ಯಾದ ಮುಖ್ಯ ಗುರುಗಳಾದರು. ಕಣ್ಣು ಕಂಡದ್ದು ನಿಜವಾ, ಬುದ್ಧಿ ಹೇಳಿದ್ದು ನಿಜವಾ ಎಂಬ ಸಂಶಯದಲ್ಲಿ ಸುಮಾರು ಎರಡು ತಿಂಗಳು ನರಳಿದ್ದನ್ನು ‘ಅಲ್ ಮುನ್‌ಖಿದ್’ ಎಂಬ ತಮ್ಮ ಆತ್ಮಕಥನದಲ್ಲಿ ತಾವೇ ಬರೆದಿದ್ದಾರೆ. 1095ರಲ್ಲಿ ಪಾಠ ಮಾಡಲು ಹೋದರೆ ನಾಲಗೆಯೇ ಹೊರಳಲಿಲ್ಲ. ಹುದ್ದೆ ಬಿಟ್ಟು ಹೊರಟರು. ಸುಮಾರು ಹನ್ನೊಂದು ವರ್ಷದ ಮೇಲೆ ಮತ್ತೆ ಕಲಿಸಲು ಬಂದರು. ಅಂಥವರಿಗೇ ಹಾಗಾದರೆ ಪಿಯುಸಿ ಓದಿದ ಹುಡುಗನಿಗೆ ಸಂಶಯ ಬಂದರೆ ನಾವು ಯಾಕೆ ಹೌಹಾರಬೇಕು?

ಸಂಶಯ ತಪ್ಪಲ್ಲ ಸರಿ, ಸೇರಿಕೊಂಡಿರುವುದು ಯಾಕೆ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ನನ್ನ ಉತ್ತರ ಆ ನಲವತ್ತರ ಲೆಕ್ಕದಲ್ಲೇ ಇದೆ. ನಲವತ್ತು ಜನರನ್ನು ಎಣಿಸುವಾಗ ಯಾರ ಈಮಾನ್ ಎಷ್ಟು ಎಂದು ಯಾರೂ ತೂಗುವುದಿಲ್ಲ. ತಲೆ ಎಣಿಸುತ್ತೇವೆ, ಹೃದಯ ಎಣಿಸುವವನು ಬೇರೆ. ಇವತ್ತು ಗಟ್ಟಿ ಇರುವವನು, ಇವತ್ತು ಬರಿದಾಗಿರುವವನು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ನಾಳೆ ಅದಲುಬದಲಾಗಬಹುದು. ಒಬ್ಬನೇ ನಿಂತವನ ನಂಬಿಕೆ ಬತ್ತಿದ ದಿನ ಅವನಿಗೆ ಬೇರೆ ಏನೂ ಇಲ್ಲ. ಸಫ್‌ನಲ್ಲಿ ನಿಂತವನಿಗೆ ಪಕ್ಕದವನ ನಂಬಿಕೆ ಇದೆ.

ಎರಡನೆಯದು, ಒಬ್ಬರೇ ಮಾಡಲಾಗದ ಕೆಲಸಗಳು. ಮಯ್ಯತ್ ಸ್ನಾನ, ಕಫನ್, ನಮಾಝ್, ದಫನ, ಇವು ಫರ್ಳ್ ಕಿಫಾಯ. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯಿತು. ಯಾರೂ ಮಾಡದಿದ್ದರೆ ಊರಿಗೆ ಊರೇ ತಪ್ಪಿತಸ್ಥ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೊರೋನದಿಂದ ತೀರಿಹೋದವರ ದೇಹಗಳನ್ನು ಒಂದೇ ಗುಂಡಿಗೆ ಎಸೆದ ವಿಡಿಯೊ ಹರಿದಾಡಿದಾಗ ಆಸ್ತಿಕರು ನಾಸ್ತಿಕರು ಎನ್ನದೆ ಎಲ್ಲರೂ ನೊಂದರು, ಜಿಲ್ಲಾಡಳಿತ ಕ್ಷಮೆ ಕೇಳಿತು. ಮಣ್ಣು ಮಾಡುವುದಕ್ಕೂ ಕೈಗಳು ಬೇಕು, ಕೈಗಳನ್ನು ಕರೆಯಲು ಒಂದು ವ್ಯವಸ್ಥೆ ಬೇಕು. ನನ್ನ ಮಗುವಿಗೆ ಸಿಕ್ಕಿದ ಮೂರು ಸಫ್ ಆಕಾಶದಿಂದ ಇಳಿದದ್ದಲ್ಲ. ಯಾರೋ ಮೊದಲೇ ಮಸೀದಿ ಕಟ್ಟಿದ್ದರು, ಖಬರ್‌ಸ್ಥಾನಕ್ಕೆ ಜಾಗ ಬಿಟ್ಟಿದ್ದರು, ಗುದ್ದಲಿ ಹಾರೆ ತಂದಿಟ್ಟಿದ್ದರು, ಬೀಗದ ಕೈ ಒಬ್ಬರಲ್ಲಿತ್ತು.

ಧರ್ಮದ ಕಟ್ಟಡವನ್ನು ಪ್ರಶ್ನಿಸಿದವರೂ ಒಂಟಿಯಾಗಿ ಕೂತವರಲ್ಲ. ನಮ್ಮ ನಾಡಿನ ಶರಣರು ಗುಡಿಯ ಆಡಂಬರವನ್ನು ಎದುರಿಸಿದರು, ಆದರೆ ಕಲ್ಯಾಣದಲ್ಲಿ ಕೂಡಿ ಕುಳಿತು ಮಾತಾಡಿದರು.

ಹಂಪಿಯ ಧರ್ಮಶಾಲೆ, ಕಂಪ್ಲಿಯ ಅರಸ

ರಜೆಯ ದಿನ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗುತ್ತಿದ್ದೆ. ಎಲ್ಲರೂ ವಿರೂಪಾಕ್ಷ ಗುಡಿ, ಕಲ್ಲಿನ ರಥ ನೋಡಿ ಬರುತ್ತಾರೆ. ನಾವು ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ರಸ್ತೆಯ ಪಕ್ಕದ ಹಳೆಯ ಮುಸ್ಲಿಂ ಕೇರಿಗೆ ಹೋಗುತ್ತಿದ್ದೆವು. ಅಲ್ಲಿ ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇದೆ. ಮಿನಾರ ಇಲ್ಲ, ಗುಂಬಜ್ ಇಲ್ಲ. ಹಂಪಿಯ ಇತರ ಮಂಟಪಗಳಂತೆಯೇ ಕಲ್ಲುಕಂಬಗಳು. ಶಾಸನದಲ್ಲಿ ಅದನ್ನು ಧರ್ಮಶಾಲೆ ಎಂದೇ ಕರೆದಿದೆ. ತನ್ನ ದೊರೆಯ ಪುಣ್ಯಕ್ಕಾಗಿ ಕಟ್ಟಿಸಿದ್ದು ಎಂದಿದೆ. ತನ್ನ ಸೈನ್ಯದ ಮುಸ್ಲಿಮರು ತನಗೆ ವಂದಿಸುವಾಗ ಅವರ ಮನಸ್ಸಿಗೆ ಕಸಿವಿಸಿ ಆಗಬಾರದು ಎಂದು ದೇವರಾಯ ಸಿಂಹಾಸನದ ಮುಂದೆ ಕುರ್‌ಆನ್ ಇಡಿಸಿದ್ದನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ.

ಮಸೀದಿ ಕಟ್ಟಿ ನಾಲ್ಕು ವರ್ಷಕ್ಕೆ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ರಝಾಕ್ ನಮ್ಮ ಮಂಗಳೂರಿನಲ್ಲಿ ಹಡಗು ಇಳಿದು ಘಟ್ಟ ಹತ್ತಿ ಬೇಲೂರು ಹಾದಿಯಾಗಿ ಇಲ್ಲಿಗೇ ಬಂದ. ಕರಾವಳಿಯಿಂದ ಹಂಪಿಗೆ ಹೋದ ಮೊದಲ ಮುಸ್ಲಿಮರು ನಾವು ಬ್ಯಾರಿ ಹೋಟೆಲಿನವರಲ್ಲ ಎಂದು ಮಕ್ಕಳಿಗೆ ತಮಾಷೆ ಮಾಡುತ್ತಿದ್ದೆ.

ಅಹ್ಮದ್ ಖಾನನ ಮನಸ್ಸಿನಲ್ಲಿ ಸಂಶಯ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವನ ಕಂಬಗಳು ನಿಂತಿವೆ. ತನ್ನ ಧರ್ಮವನ್ನೂ ಬಿಡದೆ, ಊರಿನ ಕಲ್ಲು, ಊರಿನ ಕೆಲಸಗಾರರು, ಊರಿನ ಹೆಸರನ್ನೇ ಬಳಸಿ ತನ್ನವರಿಗೆ ಒಂದು ನೆರಳು ಮಾಡಿಕೊಟ್ಟ. ಸೇರುವುದೆಂದರೆ ಬೇರೆಯವರಿಂದ ಬೇಲಿ ಹಾಕಿಕೊಳ್ಳುವುದು ಎಂದು ತಿಳಿದವರು ಆ ಕಂಬಗಳನ್ನು ಒಮ್ಮೆ ನೋಡಬೇಕು.

ಹೊಸಪೇಟೆಯಿಂದ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕಂಪ್ಲಿ. ಅಲ್ಲಿಯ ಅರಸ ಕಂಪಿಲರಾಯನ ಕಥೆ ಇಬ್ನ್ ಬತೂತಾ ಬರೆದಿದ್ದಾನೆ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ದಂಗೆಯೆದ್ದು ಸೋತು ಕಂಪಿಲನ ಮೊರೆಹೊಕ್ಕ. ಒಪ್ಪಿಸು ಎಂದು ಸುಲ್ತಾನನ ಸೈನ್ಯ ಬಂತು. ಕಂಪಿಲ ಒಪ್ಪಿಸಲಿಲ್ಲ. ಅತಿಥಿಯನ್ನು ಸುರಕ್ಷಿತವಾಗಿ ಬೇರೆ ರಾಜನಲ್ಲಿಗೆ ಕಳಿಸಿ, 1327ರಲ್ಲಿ ತಾನು ಹೋರಾಡಿ ಸತ್ತ. ಬಂದವನು ಮುಸ್ಲಿಂ, ಅಟ್ಟಿಸಿಕೊಂಡು ಬಂದವರು ಮುಸ್ಲಿಂ, ಕಾಪಾಡಿದವನು ಹಿಂದೂ. ಬರೆದಿಟ್ಟವನು ಮತ್ತೆ ಮುಸ್ಲಿಂ ಖಾಝಿ, ಅದೂ ಮೆಚ್ಚುಗೆಯಿಂದ. ಮೊರೆ ಬಂದವನನ್ನು ಬಿಡಬಾರದು ಎಂಬ ಮಾತು ಕಂಪಿಲನಿಗೆ ಅವನ ಹಿರಿಯರಿಂದ ಬಂದದ್ದು. ಒಬ್ಬ ಮನುಷ್ಯ ಅಂಥ ಗಳಿಗೆಯಲ್ಲಿ ಕುಳಿತು ಹೊಸದಾಗಿ ಯೋಚಿಸಿ ಕಂಡುಹಿಡಿಯುವ ಮಾತಲ್ಲ ಅದು.

ಈ ಕಥೆ ಹೇಳುವಾಗ ಈಗ ನನ್ನ ದನಿ ಸಣ್ಣದಾಗುತ್ತದೆ. ಯಾಕೆಂದರೆ ಮೊರೆ ಬಂದವರನ್ನು ನಾನು ಬಿಟ್ಟಿದ್ದೇನೆ.

ನಾನು ಮಾಡದ ಒಂದು ಫೋನ್

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಹಾಗಿತ್ತು, ನಿಲ್ಲಲೇಬೇಕಿತ್ತು. ಆದರೆ ಲಾರಿ ನಿಂತರೆ ಟಯರ್ ಎಲ್ಲಿಂದ ಪಂಕ್ಚರ್ ಆಗುವುದು? ನನ್ನ ಮಗುವಿನ ಖಬರ್ ತೋಡಿದ ಕಾಕನ ಅಂಗಡಿ ಆರು ತಿಂಗಳಲ್ಲಿ ಮುಚ್ಚಿತು. ಕರಾವಳಿಯ ಹುಟ್ಟೂರಿನ ಜಮಾಅತಿಗೆ ಕೊಡಬೇಕಾದ ವಂತಿಗೆ ಬಾಕಿ ಬೆಳೆಯಿತು.

2013ರಲ್ಲಿ ಅವರ ಮಗಳಿಗೆ ಸಂಬಂಧ ಕೂಡಿಬಂತು. ನಿಕಾಹ್‌ಗೆ ಊರಿನ ಜಮಾಅತಿನ ಪತ್ರ ಬೇಕು. ಬಾಕಿ ಪೂರ್ತಿ ಕಟ್ಟದೆ ಪತ್ರ ಇಲ್ಲ ಎಂಬ ಉತ್ತರ ಬಂತು. ಕಾಕ ನನ್ನ ಹತ್ತಿರ ಬಂದು, “ಉಸ್ತಾದ್, ನೀವೊಂದು ಫೋನ್ ಮಾಡಿ. ನಮ್ಮ ಪರಿಸ್ಥಿತಿ ನೀವು ನೋಡಿದ್ದೀರಲ್ಲ. ನೀವು ಹೇಳಿದರೆ ಕೇಳ್ತಾರೆ” ಎಂದರು. ನಾನು, “ಬೇರೆ ಜಮಾಅತಿನ ವಿಷಯ ಕಾಕ, ನಾನು ಬಾಯಿ ಹಾಕಿದರೆ ಚೆನ್ನಾಗಿರುವುದಿಲ್ಲ” ಎಂದೆ. ನಿಜ ಏನೆಂದರೆ, ಮುಂದಿನ ವರ್ಷ ಊರಿನ ಕಡೆ ಕೆಲಸಕ್ಕೆ ಬರಬೇಕೆಂದಿದ್ದೆ. ಯಾವ ಕಮಿಟಿಯವರ ಬಾಯಲ್ಲೂ ಕೆಟ್ಟವನಾಗುವುದು ಬೇಡವಾಗಿತ್ತು.

ಅವರು ಮರುಮಾತಾಡಲಿಲ್ಲ. ಉಮ್ಮನ ಸರ ಅಡವಿಟ್ಟರು. ಸಾಲದ ಉಳಿದ ಹಣ ಕೊಟ್ಟದ್ದು ಅಂದು ನನಗೆ ಮಂಡಕ್ಕಿ ತಿನ್ನಿಸಿದ ಹನಫಿ ಹಿರಿಯರು. ಮದುವೆ ಆಯಿತು. ನಿಕಾಹ್‌ನ ದಿನ ನಾನೇ ದುಆ ಮಾಡಿದೆ. ಹದಿನಾಲ್ಕು ವರ್ಷದ ಆ ಹುಡುಗ ನನ್ನ ದುಆಕ್ಕೆ ಆಮೀನ್ ಹೇಳಲಿಲ್ಲ. ನೋಡಿದೆ. ನೋಡದ ಹಾಗೆ ಇದ್ದೆ.

ಡ್ಯಾಮಿನ ಹತ್ತಿರ ಪ್ರಶ್ನೆ ಕೇಳಿದವನು ಅದೇ ಹುಡುಗ. ಈಗ ಇಪ್ಪತ್ತೈದು. ಡಿಪ್ಲೊಮಾ ಮುಗಿಸಿ ತೋರಣಗಲ್ಲಿನಲ್ಲಿ ಕೆಲಸ.

ಅವನ ಪ್ರಶ್ನೆಗೆ ಗಝ್ಝಾಲಿಯವರ ಕಥೆ ಹೇಳಲು ಹೊರಟವನು ಅಲ್ಲೇ ನಿಲ್ಲಿಸಿದೆ. ಅವನನ್ನು ದೂರ ಮಾಡಿದ್ದು ಫಲ್ಸಫಾ ಅಲ್ಲ, ನನ್ನ ಮೌನ. “ಮೋನೆ, ಆ ದಿನ ನಾನು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮಾಫ್ ಮಾಡು” ಎಂದೆ. ಅವನು ನೀರು ನೋಡುತ್ತಾ, “ಉಪ್ಪ ಯಾವತ್ತೋ ಮರೆತಿದ್ದಾರೆ ಉಸ್ತಾದ್. ನನಗೆ ಮರೆಯಲಿಕ್ಕೆ ಆಗಲಿಲ್ಲ” ಎಂದ.

ಹೂಳು

ಆಮೇಲೆ ಅವನೇ ಮಾತು ತೆಗೆದ. ಎಂಜಿನಿಯರಿಂಗ್ ಓದಿದವನಲ್ಲವೇ, ಡ್ಯಾಮಿನ ಲೆಕ್ಕ ಬಾಯಲ್ಲೇ ಇತ್ತು. 1953ರಲ್ಲಿ ನೀರು ನಿಂತಾಗ ಇದರ ಹೊಟ್ಟೆ ಸುಮಾರು 133 ಟಿಎಂಸಿ ಅಡಿ. ಈಗ ಸುಮಾರು 105.8. ಉಳಿದದ್ದು ಹೂಳು. “ನಿಮ್ಮ ಜಮಾಅತ್ ಸಹ ಹೀಗೇ. ಹೊರಗಿನಿಂದ ನೋಡಿದರೆ ತುಂಬಿದೆ. ಒಳಗೆ ಅರ್ಧ ಹೂಳು” ಎಂದ.

ಅವನ ಮಾತು ನಿಜ. ಆದರೆ ಹೂಳು ತುಂಬಿತೆಂದು ಡ್ಯಾಮ್ ಒಡೆಯಲು ಯಾವ ರೈತನೂ ಹೇಳಲಿಲ್ಲ. ಆ ಒಂದು ಗೇಟು ಹೋದ ವಾರ ಕೊಪ್ಪಳ, ಬಳ್ಳಾರಿ, ರಾಯಚೂರಿನಿಂದ ಆಂಧ್ರ, ತೆಲಂಗಾಣದವರೆಗೆ ರೈತರಿಗೆ ನಿದ್ದೆ ಇರಲಿಲ್ಲ. ಡ್ಯಾಮ್ ಇಲ್ಲದಿದ್ದರೂ ನದಿ ಇರುತ್ತದೆ, ಒಪ್ಪಿದೆ. ನಂಬಿಕೆಯೂ ಹಾಗೆ, ಮಳೆಯಂತೆ ಬರುತ್ತದೆ, ಹೋಗುತ್ತದೆ. ಮಳೆ ಇಲ್ಲದ ತಿಂಗಳಿಗೆ ನೀರು ಬೇಕಾದರೆ ಯಾರಾದರೂ ಹಿಡಿದಿಟ್ಟಿರಬೇಕು, ಕಾಲುವೆಯಲ್ಲಿ ಕೊನೆಯ ಗದ್ದೆಗೂ ಮುಟ್ಟಿಸಬೇಕು. ನನ್ನ ಆ ಮೂರು ತಿಂಗಳಿಗೆ ಮುಟ್ಟಿದ್ದು ಹಾಗೆ ಹಿಡಿದಿಟ್ಟ ನೀರು. ಆದರೆ ಕೊನೆಯ ಗದ್ದೆಯವನಿಗೆ ನೀರು ಬಿಡದೆ, ತೆರಿಗೆ ಬಾಕಿ ಇದೆ ಎಂದು ಗೇಟು ಮುಚ್ಚಿದರೆ ಅವನು ಡ್ಯಾಮನ್ನೇ ಬೈಯುತ್ತಾನೆ. ಬೈಯಬೇಕಾದ್ದೇ.

ಹೂಳು ತೆಗೆಯಲು ಆಗುವುದಿಲ್ಲ ಎಂದೇನಿಲ್ಲ. ಪಕ್ಕದ ಸಂಡೂರನ್ನೇ ನೋಡಿ. ಶತಮಾನಗಳಿಂದ ದಲಿತರಿಗೆ ಮುಚ್ಚಿದ್ದ ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು 1932ರಲ್ಲಿ ಅಲ್ಲಿಯ ಘೋರ್ಪಡೆ ಅರಸರು ತೆರೆಸಿದರು. ತಿರುವಾಂಕೂರಿನ ಹೆಸರಾದ ದೇವಸ್ಥಾನ ಪ್ರವೇಶದ ಘೋಷಣೆ ಬಂದದ್ದು ಅದಕ್ಕೂ ನಾಲ್ಕು ವರ್ಷದ ನಂತರ. ಮುಚ್ಚಿದ್ದು ಧರ್ಮದ ವ್ಯವಸ್ಥೆ, ತೆರೆದದ್ದೂ ವ್ಯವಸ್ಥೆಯ ಒಳಗೇ ಕೂತವರು. ಹೊರಗೆ ನಿಂತು ‘ನನಗೆ ಗುಡಿಯೇ ಬೇಡ’ ಎಂದರೆ ಆ ಬಾಗಿಲು ತೆರೆಯುತ್ತಿರಲಿಲ್ಲ.

ಹಾಗಾಗಿ ಈ ಪುಟ ಓದುವ ಹಿರಿಯರಲ್ಲಿ, ಕಮಿಟಿಯವರಲ್ಲಿ ಮೂರು ವಿನಂತಿ.

ಒಂದು, ನಿಕಾಹ್ ಪತ್ರಕ್ಕೂ ಮಯ್ಯತ್ ದಫನಕ್ಕೂ ವಂತಿಗೆ ಬಾಕಿಯನ್ನು ಗಂಟು ಹಾಕಬೇಡಿ. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ಬಾಕಿ ಯಾಕೆ ಆಯಿತು ಎಂದು ಮನೆಗೆ ಹೋಗಿ ಕೇಳುವುದು ಅದರಲ್ಲಿ ಮೊದಲನೆಯದು. ಕೊಡಲಾರದವನ ಬಾಕಿಯನ್ನು ಕೊಡಬಲ್ಲವರು ಸದ್ದಿಲ್ಲದೆ ತೀರಿಸಬಹುದು.

ಎರಡು, ಪ್ರಶ್ನೆ ಕೇಳುವ ಮಕ್ಕಳಿಗೆ ಜಾಗ ಕೊಡಿ. ಮದ್ರಸದಲ್ಲಿ ಏಳನೇ ತರಗತಿ ಮುಗಿಸಿದ ಮೇಲೆ ಹುಡುಗರು, ಹುಡುಗಿಯರು ನಮ್ಮಿಂದ ಕೇಳುವುದೇನೂ ಉಳಿದಿಲ್ಲ ಎಂಬಂತೆ ಕೈಬಿಡುತ್ತೇವೆ. ಸಂಶಯ ಶುರುವಾಗುವುದೇ ಆ ವಯಸ್ಸಿನ ನಂತರ. ತಿಂಗಳಿಗೊಮ್ಮೆ, ಯಾರ ಹೆಸರೂ ಹೊರಗೆ ಹೋಗದ ಹಾಗೆ ಕೂತು ಕೇಳಿಸಿಕೊಳ್ಳುವ ಒಬ್ಬ ಉಸ್ತಾದ್ ಪ್ರತಿ ಮೊಹಲ್ಲಾಕ್ಕೂ ಬೇಕು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವವರು ಬೇಕು.

ಮೂರು, ನಮ್ಮಂಥ ಉಸ್ತಾದರಿಗೆ. ನಮ್ಮ ಒಂದು ಮಾತಿಗೆ ಬೆಲೆ ಇರುವ ಜಾಗದಲ್ಲಿ ನಾವು ಸುಮ್ಮನಿದ್ದರೆ, ಮಿಂಬರಿನಲ್ಲಿ ಆಮೇಲೆ ಎಷ್ಟು ಮಾತಾಡಿದರೂ ಕೇಳುವವರು ಇರುವುದಿಲ್ಲ.

ದೂರ ಸರಿದ ಮಕ್ಕಳಿಗೂ ಒಂದು ಮಾತು. ನಿಮ್ಮ ಸಂಶಯ ತೀರಿದ ಮೇಲೆ ಬನ್ನಿ ಎಂದು ನಾನು ಹೇಳುವುದಿಲ್ಲ. ಸಂಶಯ ಹಿಡಿದುಕೊಂಡೇ ಬನ್ನಿ. ಲೆಕ್ಕಕ್ಕೆ ಒಬ್ಬರು ಕಡಿಮೆ ಇದ್ದೇವೆ.

ಊರಿಗೆ ಬಂದ ಮೇಲೆ, ಹನ್ನೊಂದು ವರ್ಷ ತಡವಾಗಿ, ಆ ಜಮಾಅತಿಗೆ ಪತ್ರ ಬರೆದೆ. ಪತ್ರಕ್ಕೂ ಬಾಕಿಗೂ ಇರುವ ಗಂಟು ಬಿಚ್ಚಬೇಕೆಂದು ಕೇಳಿದ್ದೇನೆ. ಮಹಾಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ. ಇಟ್ಟಿಲ್ಲ. ಮತ್ತೆ ಬರೆದಿದ್ದೇನೆ.

ಆ ವರ್ಷದ ಕೊನೆಗೆ ಹುಡುಗನ ಫೋನ್ ಬಂತು. ಹೆದ್ದಾರಿಯಲ್ಲಿ ಅಪಘಾತವಾಗಿ ಕರಾವಳಿಯ ಲಾರಿ ಡ್ರೈವರ್ ಒಬ್ಬರು ತೀರಿಹೋಗಿದ್ದರು. ಮನೆಯವರು ಬರುವವರೆಗೆ ಆಸ್ಪತ್ರೆಯಲ್ಲಿ ನಿಂತದ್ದು, ಮಸೀದಿಗೆ ಓಡಿ ಕಫನ್‌ಗೆ ವ್ಯವಸ್ಥೆ ಮಾಡಿದ್ದು ಇವನು.

“ನಮಾಝಿಗೆ ಜನ ಕಡಿಮೆ ಇದ್ರು ಉಸ್ತಾದ್. ನಾನೂ ಸಫ್‌ಗೆ ನಿಂತೆ. ನಂಬಿ ನಿಂತದ್ದಾ ಅಂತ ಕೇಳಬೇಡಿ.”

ನಾನು ಕೇಳಲಿಲ್ಲ. ಎಷ್ಟು ಸಫ್ ಆಯಿತು ಎಂದು ಕೇಳಿದೆ.

“ಮೂರು” ಅಂದ.